ತರಗತಿಯಲ್ಲಿ ಸ್ಟೋರಿವೀವರ್: ಕಥೆಗಿಂತ ಕೊನೆಯ ಪುಟವೇ ಹೆಚ್ಚು ಕೆಲಸಕ್ಕೆ ಬರುತ್ತದೆ

ಪ್ರಾಥಮಿಕ ಶಾಲೆಗೆ ಸ್ಮಾರ್ಟ್ ಟಿವಿ ಬಂದ ಮೊದಲ ವಾರ ಅದರಲ್ಲಿ ಯೂಟ್ಯೂಬ್ ಪದ್ಯಗಳು ಓಡುತ್ತವೆ. ಎರಡನೆಯ ವಾರ ಪದ್ಯದ ನಡುವೆ ನುಗ್ಗುವ ಜಾಹೀರಾತಿನ ಕಿರಿಕಿರಿ ಶುರು. ಮೂರನೆಯ ವಾರದ ಹೊತ್ತಿಗೆ ಟಿವಿಗೆ ಬಟ್ಟೆ ಹೊದಿಸಿ ಬೀಗ ಹಾಕಿರುತ್ತಾರೆ. ತಪ್ಪು ಟಿವಿಯದ್ದಲ್ಲ, ಟೀಚರದ್ದೂ ಅಲ್ಲ. ಅದರಲ್ಲಿ ಏನು ತೋರಿಸಬೇಕು, ತೋರಿಸಿ ಏನು ಕೇಳಬೇಕು ಅನ್ನುವುದು ಯಾರಿಗೂ ಸ್ಪಷ್ಟವಿರುವುದಿಲ್ಲ. ಈ ಎರಡೂ ಪ್ರಶ್ನೆಗೆ ಒಟ್ಟಿಗೆ ಉತ್ತರ ಕೊಡುವ ಉಚಿತ ಸಾಧನಗಳು ಕನ್ನಡಕ್ಕೆ ಬೆರಳೆಣಿಕೆಯಷ್ಟು. ಅವುಗಳಲ್ಲಿ ಸ್ಟೋರಿವೀವರ್ ಒಂದು.

ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ, ಲಾಭದ ಉದ್ದೇಶವಿಲ್ಲದ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ. ಅದು 2015ರ ಸೆಪ್ಟೆಂಬರಿನಲ್ಲಿ ತೆರೆದ ಡಿಜಿಟಲ್ ಕಥಾಭಂಡಾರ ಇದು. ದುಡ್ಡಿಲ್ಲ, ಜಾಹೀರಾತಿಲ್ಲ. ಓದುವುದಕ್ಕೆ ಲಾಗಿನ್ ಕೂಡ ಬೇಡ. ಇಳಿಸಿಕೊಳ್ಳಲು, ಅನುವಾದಿಸಲು, ಹೊಸ ಕಥೆ ಕಟ್ಟಲು ಮಾತ್ರ ಒಂದು ಖಾತೆ ಬೇಕು. ಕಥೆಗಳಿಗೆ ಸಿಸಿ ಬೈ 4.0 ಪರವಾನಗಿ ಇದೆ. ಮೂಲದವರ ಹೆಸರು ಹಾಕಿ, ಏನಾದರೂ ಬದಲಿಸಿದ್ದರೆ ಅದನ್ನು ತಿಳಿಸಿ, ಆಮೇಲೆ ನಕಲಿಸಿ, ತಿದ್ದಿ, ಮಾರಿದರೂ ಸರಿ. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಹೊಂದಿಕೊಂಡ ದೀಕ್ಷಾ ಆ್ಯಪಿನ ಕೆಲಸ ಬೇರೆ, ಇದರ ಕೆಲಸ ಬೇರೆ. ಪಾಠಕ್ಕೆ ಪೂರಕ ವಿಡಿಯೊ ಬೇಕಾದವರು ದೀಕ್ಷಾಕ್ಕೇ ಹೋಗಲಿ.

ಮೊದಲೇ ಒಂದು ಮಾತು: ಇದನ್ನು ಬರೀ ಓದುವ ಗ್ರಂಥಾಲಯವಾಗಿ ಬಳಸುವವರಿಗೆ ಒಳ್ಳೆಯ ಸಾಮಾನು ಸಿಗುತ್ತದೆ, ಆದರೆ ಆರಿಸಿಕೊಳ್ಳುವ ಕೆಲಸ ಬಹಳ. ಒಂದು ಚಿತ್ರ ಎಲ್ಲಿಂದ ಬಂತು, ಅದಕ್ಕೆ ಮಾತು ಜೋಡಿಸಿದವರು ಯಾರು ಎಂದು ಮಕ್ಕಳಿಂದ ಕೇಳಿಸುವುದಕ್ಕೆ ಬಳಸಿದರೆ, ನಾಲ್ಕು-ಐದನೆಯ ತರಗತಿಗೆ ಇದಕ್ಕಿಂತ ಕೈಗೆಟಕುವ ಸಾಧನ ಸುಲಭಕ್ಕೆ ಸಿಗದು.

ಆರಿಸುವ ತಲೆನೋವಿನಿಂದಲೇ ಶುರು ಮಾಡೋಣ. ಕಥೆಗಳಿಗೆ ನಾಲ್ಕು ಹಂತಗಳಿವೆ. ಸುಮಾರು 250 ಪದದೊಳಗಿನದು ಮೊದಲ ಹಂತ, 600ರವರೆಗೆ ಎರಡನೆಯದು, 1500ರವರೆಗೆ ಮೂರನೆಯದು, ಅದರಾಚೆ ನಾಲ್ಕನೆಯದು. ಪದಗಳು ಎಷ್ಟು ಸರಳ, ವಾಕ್ಯಗಳು ಎಷ್ಟು ಉದ್ದ ಎಂಬುದನ್ನೂ ನೋಡುತ್ತಾರೆ. ಇಂಗ್ಲಿಷಿಗೆ ಈ ಅಳತೆ ಸರಿಹೋಗುತ್ತದೆ. ಕನ್ನಡದಲ್ಲಿ ಪದ ಎಣಿಸಿ ಕಷ್ಟ ಅಳೆಯುವುದು ಮೂಟೆ ಎಣಿಸಿ ತೂಕ ಹೇಳಿದ ಹಾಗೆ. ‘ಕುಳಿತುಕೊಳ್ಳಬೇಕಾಗಿತ್ತು’ ಎಣಿಕೆಗೆ ಒಂದೇ ಪದ. ಓದುವ ಮಗುವಿಗೆ ಒಂಬತ್ತು ಅಕ್ಷರ, ಎರಡು ಒತ್ತು. ಇಂಗ್ಲಿಷಿನಿಂದ ಬಂದ ಮೊದಲ ಹಂತದ ಕಥೆ ಕನ್ನಡಕ್ಕೆ ಬರುವಾಗ ಪದಗಳ ಸಂಖ್ಯೆ ಇಳಿಯುತ್ತದೆ, ಓದುವ ಭಾರ ಏರುತ್ತದೆ, ಹಂತದ ಸಂಖ್ಯೆ ಮಾತ್ರ ‘1’ ಎಂದೇ ಉಳಿಯುತ್ತದೆ.

ಸರ್ಕಾರಿ ಶಾಲೆಯ ಪುಟ್ಟ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ತರಗತಿಯಲ್ಲಿ ಇದು ನೇರವಾಗಿ ತಗಲುತ್ತದೆ. ಅಲ್ಲಿ ಅಕ್ಷರ ಕಲಿಸುವುದು ಅ-ಆ-ಇ-ಈ ಸಾಲಿನಲ್ಲಲ್ಲ. ರ-ಗ-ಸ-ದ-ಅ, ಆಮೇಲೆ ಜ-ವ-ಮ-ಬ-ನ ಹೀಗೆ ಗುಂಪುಗುಂಪಾಗಿ. ಒತ್ತಕ್ಷರ ಬರುವುದು ಎಷ್ಟೋ ಮೆಟ್ಟಿಲು ದಾಟಿದ ಮೇಲೆ. ‘ಬೆಕ್ಕು ಗೋಡೆಯ ಮೇಲೆ ಕುಳಿತಿತ್ತು’ ಎಂಬ ನಾಲ್ಕೇ ಪದದ ವಾಕ್ಯದಲ್ಲಿ ಎರಡು ಒತ್ತು, ಒಂದು ಓತ್ವ, ಒಂದು ಏತ್ವ ಇವೆ. ಕಾಗುಣಿತ ಈಗಷ್ಟೇ ಹಿಡಿದ ಮಗುವಿಗೆ ಇದು ಮೊದಲ ಹಂತವಲ್ಲ.

ಇದಕ್ಕೆ ಮದ್ದು ಸ್ಟೋರಿವೀವರ್‌ನಲ್ಲೇ ಇದೆ, ಬಹಳ ಜನ ಮುಟ್ಟುವುದಿಲ್ಲ. ಯಾವುದೇ ಕಥೆಯನ್ನು ತೆರೆದು ಹಂತ ಬದಲಿಸಿ ಬೇರೆ ಆವೃತ್ತಿ ಮಾಡಬಹುದು. ಚಿತ್ರ ಅದೇ, ಪುಟ ಅದೇ, ಮಾತು ಮಾತ್ರ ನಿಮ್ಮದು. ‘ಬೆಕ್ಕು ಗೋಡೆಯ ಮೇಲೆ ಕುಳಿತಿತ್ತು’ ಎಂಬಲ್ಲಿ ‘ಗೋಡೆ ಮೇಲೆ ಬೆಕ್ಕು’ ಎಂದಷ್ಟೇ ಬರೆದರೂ ಚಿತ್ರ ಉಳಿದದ್ದನ್ನು ಹೇಳುತ್ತದೆ. ಕಥೆ ಆರಿಸುವ ಮೊದಲು ಹೀಗೊಂದು ಅಳತೆ ಇಟ್ಟುಕೊಳ್ಳಿ: ಮಧ್ಯದ ಯಾವುದಾದರೂ ಎರಡು ಪುಟ ತೆಗೆದು, ಒತ್ತಕ್ಷರ ಇರುವ ಪದಗಳನ್ನು ಎಣಿಸಿ. ಹತ್ತು ಪದಕ್ಕೆ ಎರಡರೊಳಗಿದ್ದರೆ ಮಗು ತಾನೇ ಓದಲಿ. ಮೂರು-ನಾಲ್ಕಿದ್ದರೆ ಟೀಚರ್ ಜೊತೆಗೆ ಓದಬೇಕು. ಅದಕ್ಕಿಂತ ಹೆಚ್ಚಿದ್ದರೆ ಓದಿ ಹೇಳುವ ಕಥೆ. ಕ್ಕ, ಲ್ಲ, ತ್ತದಂಥ ಸಜಾತೀಯ ಒತ್ತುಗಳನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಸ್ತ್ರ, ಕ್ಷ್ಮ ಬಂದಲ್ಲಿ ಎಡವುತ್ತಾರೆ. ಅರ್ಕಾವೊತ್ತು ಇದ್ದರೆ ಅದನ್ನು ಎರಡೆಂದೇ ಎಣಿಸಿ.

ಧ್ವನಿ ಇರುವ ಕಥೆಗಳೂ ಇವೆ, ಓದಿದಂತೆಲ್ಲ ಪದಕ್ಕೆ ಬಣ್ಣ ಬರುತ್ತದೆ. ಚೆನ್ನಾಗಿವೆ. ಆದರೆ ಕನ್ನಡದಲ್ಲಿ ಬರೀ ಓದುವ ಕಥೆಗಳಿಗೆ ಹೋಲಿಸಿದರೆ ಅವು ಕಡಿಮೆ, ಮತ್ತು ಮಕ್ಕಳು ಕಣ್ಣು ಪದದ ಮೇಲಿಡದೆ ಕಿವಿಯಲ್ಲೇ ಕಥೆ ಮುಗಿಸಿಬಿಡುತ್ತಾರೆ. ಎರಡನೆಯ ಸಲ ಧ್ವನಿ ಮ್ಯೂಟ್ ಮಾಡಿ ಮಕ್ಕಳಿಂದ ಓದಿಸದಿದ್ದರೆ ಅದು ಟಿವಿ ನೋಡಿದ ಲೆಕ್ಕವೇ.

ಇನ್ನು ತೋರಿಸುವ ಬಗೆ. ಇಲ್ಲಿ ಕೆಟ್ಟುಹೋಗುವುದು ಹೆಚ್ಚಾಗಿ ಸ್ಟೋರಿವೀವರ್ ಅಲ್ಲ, ತಂತಿ. ಫೋನಿಗೆ ಟೈಪ್-ಸಿ ಕಿಂಡಿ ಇದೆ ಎಂದು ಎಚ್‌ಡಿಎಂಐ ಅಡಾಪ್ಟರ್ ತಂದು ಸಿಕ್ಕಿಸಿದರೆ ಟಿವಿ ಕಪ್ಪಗೇ ಇರುತ್ತದೆ. ಕಡಿಮೆ ಬೆಲೆಯ ಬಹುತೇಕ ಫೋನುಗಳ ಆ ಕಿಂಡಿಯಿಂದ ಚಿತ್ರ ಹೊರಗೆ ಬರುವುದೇ ಇಲ್ಲ. ಚಾರ್ಜ್ ಆಗುತ್ತದೆ, ಫೈಲ್ ಹೋಗುತ್ತದೆ, ಅಷ್ಟೆ. ಅಡಾಪ್ಟರ್ ಕೊಳ್ಳುವ ಮುಂಚೆ ನಿಮ್ಮ ಫೋನನ್ನು ಅಂಗಡಿಗೇ ಒಯ್ದು ಸಿಕ್ಕಿಸಿ ನೋಡಿ. ಕಾಸ್ಟ್ ಮಾಡುವುದಾದರೆ, ಅಂದರೆ ಫೋನಿನ ಪರದೆಯನ್ನು ತಂತಿಯಿಲ್ಲದೆ ಟಿವಿಯಲ್ಲಿ ತೋರಿಸುವುದಾದರೆ, ಸಾಮಾನ್ಯವಾಗಿ ಫೋನೂ ಟಿವಿಯೂ ಒಂದೇ ವೈಫೈನಲ್ಲಿರಬೇಕು. ಹಾಟ್‌ಸ್ಪಾಟ್ ಕೊಡುವ ಫೋನಿನಿಂದಲೇ ಕಾಸ್ಟ್ ಮಾಡಲು ಹೋದರೆ ಕೆಲವು ಟಿವಿಗಳು ಒಪ್ಪುವುದಿಲ್ಲ, ಎರಡನೆಯ ಫೋನು ಬೇಕಾಗುತ್ತದೆ.

ಇವೆಲ್ಲದಕ್ಕಿಂತ ನಂಬಿಕಸ್ಥ ದಾರಿ ಪೆನ್‌ಡ್ರೈವ್. ಒಂದು ತೊಡಕಿದೆ: ಅನೇಕ ಟಿವಿಗಳು ಪಿಡಿಎಫ್ ತೆರೆಯುವುದಿಲ್ಲ, ಫೋಟೊ ತೆರೆಯುತ್ತವೆ. ಹಾಗಾಗಿ ಕಡಿಮೆ ರೆಸಲ್ಯೂಶನ್ನಿನ ಪಿಡಿಎಫ್ ಇಳಿಸಿ, ಲ್ಯಾಪ್‌ಟಾಪಿನಲ್ಲಿ ಪ್ರತಿ ಪುಟವನ್ನೂ ಜೆಪಿಜಿ ಮಾಡಿಕೊಳ್ಳಿ. ಫೈಲುಗಳಿಗೆ 01, 02, 03 ಎಂದೇ ಹೆಸರಿಡಿ. ಬರೀ 1, 2, 3 ಎಂದಿಟ್ಟರೆ ಟಿವಿ ಒಂದನೆಯ ಪುಟವಾದ ಮೇಲೆ ಹತ್ತನೆಯದನ್ನು ತೋರಿಸಿ ಕಥೆಯ ಸೊಂಟ ಮುರಿಯುತ್ತದೆ. ಸ್ಲೈಡ್‌ಶೋ ಹಾಕದೆ ರಿಮೋಟಿನ ಬಾಣದ ಗುಂಡಿಯಿಂದ ಪುಟ ತಿರುಗಿಸಿ. ತಾನೇ ತಿರುಗುವ ಪುಟ ಓದುವ ಮಗುವಿಗಾಗಿ ಕಾಯುವುದಿಲ್ಲ. ಅಕ್ಷರದ ಗಾತ್ರ ಸಾಕೋ ಇಲ್ಲವೋ ನೋಡಲು ಕೊನೆಯ ಸಾಲಿನ ಮಗುವಿಗೆ ಒತ್ತಕ್ಷರವೊಂದನ್ನು ತೋರಿಸಿ ‘ಕೆಳಗಿರೋ ಒತ್ತು ಯಾವುದು?’ ಎಂದು ಕೇಳಿ. ಮೇಲಿನ ಅಕ್ಷರ ಎಲ್ಲರಿಗೂ ಕಾಣುತ್ತದೆ, ಕಾಣದೇ ಹೋಗುವುದು ಒತ್ತು. 43 ಇಂಚಿನ ಟಿವಿಯಲ್ಲಿ ಪುಟಕ್ಕೆ ಮೂರು-ನಾಲ್ಕು ಸಾಲಿನ ಕಥೆ ಸಲೀಸು. ಪುಟ ತುಂಬ ಮಾತಿರುವ ಮೂರನೆಯ ಹಂತದ ಕಥೆಯನ್ನು ಮುದ್ರಿಸಿ ಕೈಗೆ ಕೊಡುವುದೇ ವಾಸಿ.

ಚಿತ್ರದ ಪಾಠಕ್ಕೆ ಹೀಗೆ ಪೆನ್‌ಡ್ರೈವಿಗೆ ಹಾಕಿಟ್ಟ ಒಂದೇ ಒಂದು ಪುಟ ಸಾಕು, ಅದೂ ಮಾತಿಲ್ಲದ್ದು. ಪುಟದ ಮಾತಿನ ಭಾಗವನ್ನು ಟಿವಿಯ ಮೇಲೆ ಕಾಗದ ಹಿಡಿದು ಮುಚ್ಚಿದರೂ ಆದೀತು. ಹುಡುಗನೊಬ್ಬ ಓಡುತ್ತಿದ್ದಾನೆ, ಹಿಂದೆ ನಾಯಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಅರ್ಧ ನಿಮಿಷ ಸುಮ್ಮನೆ ನೋಡಲಿ. ಬೋರ್ಡಿನಲ್ಲಿ ಎರಡು ಕಲಂ ಎಳೆಯಿರಿ: ‘ಕಂಡದ್ದು’, ‘ಅಂದುಕೊಂಡದ್ದು’. ಮೊದಲು ಬರುವ ಉತ್ತರ ಎಲ್ಲ ಕಡೆಯೂ ಒಂದೇ:

“ಮಿಸ್, ನಾಯಿ ಕಚ್ಚೋಕೆ ಬರ್ತಾ ಇದೆ!”

“ಕಚ್ಚೋಕೆ ಅಂತ ಹೇಗೆ ಗೊತ್ತಾಯ್ತು? ಹಲ್ಲು ಕಾಣ್ತಾ ಇದೆಯಾ?”

“ಇಲ್ಲ ಮಿಸ್.”

“ಬಾಲ?”

“ಮೇಲಿದೆ… ಅಲ್ಲಾಡಿಸ್ತಾ ಇದೆ ಅನ್ಸುತ್ತೆ.”

‘ನಾಯಿ ಓಡುತ್ತಿದೆ’ ಮೊದಲ ಕಲಮಿಗೆ, ‘ಕಚ್ಚಲು ಬರುತ್ತಿದೆ’ ಎರಡನೆಯದಕ್ಕೆ. ಬಾಲದ ವಿಷಯಕ್ಕೆ ಜಗಳವಾಗುತ್ತದೆ, ಆಗಲಿ. ಚಿತ್ರದಲ್ಲಿ ಬಾಲ ಅಲ್ಲಾಡುವುದು ಕಾಣುವುದಿಲ್ಲ, ಮೇಲೆದ್ದಿರುವುದಷ್ಟೇ ಕಾಣುತ್ತದೆ ಎನ್ನುವಲ್ಲಿಗೆ ಮಕ್ಕಳೇ ಬಂದು ಮುಟ್ಟುತ್ತಾರೆ. ಆಮೇಲೆ ಅದೇ ಚಿತ್ರಕ್ಕೆ ಎರಡು ಸಾಲು ಬರೆಯಿಸಿ. ‘ನಾಯಿ ಅಟ್ಟಿಸಿಕೊಂಡು ಬಂತು’ ಒಂದು; ‘ಶಾಲೆಗೆ ಹೊತ್ತಾಯಿತೆಂದು ರಾಜು ಓಡಿದ, ನಾಯಿಯೂ ಜೊತೆಗೆ ಓಡಿತು’ ಇನ್ನೊಂದು. ಚಿತ್ರದ ಒಂದು ಗೆರೆಯೂ ಬದಲಾಗಿಲ್ಲ, ಕಥೆ ತಲೆಕೆಳಗಾಗಿದೆ.

ಮೂರನೆಯ ಮೆಟ್ಟಿಲಿಗೆ ಎರಡು ರಟ್ಟಿನ ತುಂಡು ಬೇಕು. ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಬಡಗಿಯ ಮೂಲೆಮಟ್ಟದ ಹಾಗೆ ‘L’ ಆಕಾರಕ್ಕೆ ಕತ್ತರಿಸಿದರೆ, ಎರಡನ್ನೂ ಎದುರುಬದುರು ಇಟ್ಟು ಬೇಕಾದಷ್ಟು ದೊಡ್ಡ ಚೌಕಟ್ಟು ಮಾಡಿಕೊಳ್ಳಬಹುದು. ಮುದ್ರಿಸಿದ ಚಿತ್ರದ ಮೇಲೆ ಅದನ್ನಿಟ್ಟು ನಾಯಿಯನ್ನು ಹೊರಗೆ ಬಿಡಿ. ಹುಡುಗ ಓಟದ ಪಂದ್ಯದಲ್ಲಿದ್ದಾನೆ. ಹುಡುಗನನ್ನು ಹೊರಗೆ ಬಿಡಿ; ನಾಯಿ ಇಲಿಯನ್ನೋ ಬೆಕ್ಕನ್ನೋ ಹಿಡಿಯಲು ಹೊರಟಿದೆ. ಮೊಬೈಲಿನಲ್ಲಿ ಫೋಟೊ ಕ್ರಾಪ್ ಮಾಡುವುದೆಂದರೆ ಇದೇ ಎಂದು ಹೇಳಿದರೆ ಆ ಮಾತು ತಟ್ಟನೆ ಹತ್ತುತ್ತದೆ, ಕೈಯಾರೆ ಮಾಡಿ ನೋಡಿರುತ್ತಾರಲ್ಲ. ಮೂರೂ ಸೇರಿ 40 ನಿಮಿಷದ ಒಂದು ಅವಧಿಗೆ ಸರಿಯಾಗುತ್ತದೆ. ಎರಡನೆಯ ಚಿತ್ರಕ್ಕೆ ಆಸೆಪಟ್ಟರೆ ಮೂರನೆಯ ಮೆಟ್ಟಿಲು ಉಳಿದುಹೋಗುತ್ತದೆ.

ಈಗ ಕೊನೆಯ ಪುಟ. ಸ್ಟೋರಿವೀವರ್‌ನ ಪ್ರತಿ ಕಥೆಯ ಹಿಂಬದಿಯಲ್ಲಿ ಯಾರೂ ಓದದ, ಸಣ್ಣ ಅಕ್ಷರದ ಒಂದೆರಡು ಪುಟ ಇರುತ್ತವೆ. ಕಥೆ ಬರೆದವರು, ಅನುವಾದಿಸಿದವರು, ಇದು ಯಾವ ಮೂಲ ಕಥೆಯ ಅನುವಾದ, ಹಕ್ಕು ಯಾರದು, ಯಾವ ವರ್ಷ, ಯಾವ ಪುಟದ ಚಿತ್ರ ಬಿಡಿಸಿದವರು ಯಾರು. ಚಿತ್ರ ಬೇರೆ ಪುಸ್ತಕದಿಂದ ಬಂದಿದ್ದರೆ ಅದೂ ಅಲ್ಲಿ ತಿಳಿಯುತ್ತದೆ. ಮಾಧ್ಯಮ ಸಾಕ್ಷರತೆ ಎಂಬ ಭಾರದ ಮಾತನ್ನು ಹತ್ತು ವರ್ಷದ ಮಗುವಿಗೆ ಹೇಳಬೇಕಿಲ್ಲ. ಈ ಪುಟ ಕೊಟ್ಟು ಐದು ಪ್ರಶ್ನೆ ಕೇಳಿದರೆ ಆಯಿತು. ಬರೆದವರು ಯಾರು? ಚಿತ್ರ ಯಾರದು? ಮೊದಲು ಯಾವ ಭಾಷೆಯಲ್ಲಿತ್ತು? ಯಾವ ವರ್ಷದ್ದು? ನಾವು ಇದನ್ನು ಏನೇನು ಮಾಡಬಹುದು? ಅಕ್ಷರ ಸಣ್ಣದು, ಕೆಲವು ಸಾಲು ಇಂಗ್ಲಿಷಿನಲ್ಲೂ ಇರುತ್ತವೆ, ಆದ್ದರಿಂದ ಟೀಚರ್ ಮೊದಲೇ ಓದಿ, ಬೇಕಾದ ಸಾಲುಗಳಿಗೆ ಪೆನ್ಸಿಲ್ ಗೆರೆ ಹಾಕಿಟ್ಟಿರಬೇಕು.

ಉತ್ತರಗಳನ್ನು ಬೋರ್ಡಿನ ಎಡಕ್ಕೆ ಬರೆಯಿರಿ. ಬಲಕ್ಕೆ ಊರಿನ ಗುಂಪಿನಲ್ಲಿ ಓಡಾಡಿದ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಅಂಟಿಸಿ. ಮಳೆ ರಜೆಯದ್ದು, ಚಿರತೆ ಬಂತೆನ್ನುವುದು, ಅಂಥದ್ದು. ಜಾತಿ, ಧರ್ಮ, ಪಕ್ಷದ್ದು ಬೇಡ. ಚರ್ಚೆ ತರಗತಿಯಿಂದ ಊರಿಗೆ ಹೋಗಿಬಿಡುತ್ತದೆ. ಕಳಿಸಿದವರ ಹೆಸರು, ನಂಬರು ಅಳಿಸಿರಲಿ. ಅದೇ ಐದು ಪ್ರಶ್ನೆ. ಬರೆದವರು: ಇಲ್ಲ. ಚಿತ್ರ: ಇಲ್ಲ. ವರ್ಷ: ಇಲ್ಲ. ಬಲಗಡೆ ಸಾಲಾಗಿ ‘ಇಲ್ಲ’ ಬೀಳುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಚಿರತೆಯ ಚಿತ್ರವನ್ನು ಟೀಚರ್ ಫೋನಿನಲ್ಲಿ ಗೂಗಲ್ ಲೆನ್ಸ್‌ಗೆ ಕೊಟ್ಟು, ಅದೇ ಫೋಟೊ ಹಿಂದೆ ಬೇರೆಲ್ಲಾದರೂ ಬಂದಿತ್ತೇ ಎಂದು ಹುಡುಕಿ ತೋರಿಸಬಹುದು. ಆದರೆ ಆ ಹುಡುಕಾಟವನ್ನು ಹಿಂದಿನ ದಿನವೇ ಮಾಡಿ ನೋಡಿರಿ. ಏನೂ ಸಿಗದೇ ಹೋದರೆ ‘ಹಾಗಾದ್ರೆ ನಿಜಾನೇ’ ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಸಿಗದಿರುವುದಕ್ಕೂ ನಿಜವಾಗಿರುವುದಕ್ಕೂ ಸಂಬಂಧವಿಲ್ಲ.

ಇಲ್ಲೊಂದು ಅಪಾಯ ಇದೆ. ಹೆಸರಿದ್ದರೆ ನಿಜ, ಹೆಸರಿಲ್ಲದಿದ್ದರೆ ಸುಳ್ಳು ಎಂಬ ಅಡ್ಡದಾರಿಯನ್ನು ಮಕ್ಕಳು ಬಲುಬೇಗ ಹಿಡಿಯುತ್ತಾರೆ. ಅದನ್ನು ತಪ್ಪಿಸಲೂ ಸ್ಟೋರಿವೀವರ್ ನೆರವಾಗುತ್ತದೆ. ಅಲ್ಲಿ ಪ್ರಕಾಶಕರ ಕಥೆಗಳ ಜೊತೆಗೆ ಯಾರು ಬೇಕಾದರೂ ಬರೆದು ಹಾಕಿದ ಕಥೆಗಳೂ ಇವೆ. ಅವುಗಳಲ್ಲೂ ಹೆಸರಿರುತ್ತದೆ, ಜೊತೆಗೆ ಅಕ್ಷರದೋಷವೂ, ಯಂತ್ರ ಅನುವಾದದ ವಾಸನೆಯೂ ಇರಬಹುದು. ಎರಡು ಬಗೆಯ ಒಂದೊಂದು ಕಥೆ ಪಕ್ಕಪಕ್ಕ ಇಟ್ಟು ತಪ್ಪು ಹುಡುಕಲು ಹೇಳಿ. ಪುಟ್ಟ ಮಕ್ಕಳಿಗೆ ಕಥೆ ಆರಿಸುವಾಗ ಮಾತ್ರ ಪ್ರಕಾಶಕರ ಹೆಸರಿನಿಂದ ಸೋಸಿಕೊಳ್ಳುವುದು ಕ್ಷೇಮ. ಯಾರೋ ಮೊದಲ ಹಂತವೆಂದು ಹಾಕಿದ್ದನ್ನು ನೋಡದೆ ತರಗತಿಗೆ ಒಯ್ಯಬಾರದು.

ಮಕ್ಕಳಿಂದ ಕಥೆ ಕಟ್ಟಿಸುವುದು ಮುಂದಿನದು. ಐದಾರು ಮಕ್ಕಳ ಗುಂಪಿಗೆ ಎಂಟು ಪುಟ ಸಾಕು. ಮೊದಲು ಕಾಗದದಲ್ಲಿ: ಎ4 ಹಾಳೆಯನ್ನು ಎಂಟು ಮನೆಯಾಗಿ ಮಡಚಿ ಮನೆಗೊಂದು ವಾಕ್ಯ. ಆಮೇಲೆ ಟೀಚರ್ ತಮ್ಮ ಖಾತೆಯಲ್ಲಿ ಹೊಸ ಕಥೆ ತೆರೆದು, ಚಿತ್ರಭಂಡಾರದಿಂದ ಚಿತ್ರ ಆರಿಸಿ, ಭಾಷೆ ಕನ್ನಡ ಎಂದು ಕೊಟ್ಟು, ಹೆಸರು, ಹಂತ ತುಂಬಿ ಪುಟಪುಟಕ್ಕೆ ಮಾತು ಹಾಕಬೇಕು. ಚಿತ್ರದ ಹುಡುಕಾಟ ಇಂಗ್ಲಿಷ್ ಪದಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ, ಕನ್ನಡಕ್ಕೆ ಅಷ್ಟಕ್ಕಷ್ಟೆ. ನಮ್ಮ ರಾಗಿ ಕಣ, ಕೊಟ್ಟಿಗೆ, ಜಗಲಿ ಬೇಕೆಂದರೆ ಬಹಳ ಹೊತ್ತು ಹುಡುಕಬೇಕು. ಮಕ್ಕಳೇ ಬಿಡಿಸಿದ್ದು ಹಾಕುವುದು ಸುಲಭ.

ಬಿಡಿಸಿದ ಚಿತ್ರವನ್ನು ಫೋಟೊ ತೆಗೆಯುವಾಗ ಜಗಲಿಯ ನೆರಳಿನ ಬೆಳಕು ಒಳ್ಳೆಯದು. ಬಿಸಿಲಿನಲ್ಲಿ ತೆಗೆದವರ ನೆರಳೇ ಹಾಳೆಯ ಮೇಲೆ ಬೀಳುತ್ತದೆ, ಫ್ಲ್ಯಾಶ್ ಹಾಕಿದರೆ ಮೇಣದ ಬಣ್ಣ ಹೊಳೆದು ಬಿಳಿ ಮಚ್ಚೆಯಾಗುತ್ತದೆ. ಪೆನ್ಸಿಲ್ ಗೆರೆ ಫೋಟೊದಲ್ಲಿ ಮಾಯವಾಗುತ್ತದೆ. ಕಪ್ಪು ಸ್ಕೆಚ್ ಪೆನ್ನಿನಿಂದ ಅದರ ಮೇಲೆ ಎಳೆಸಿ.

ಅತಿ ಹೆಚ್ಚು ಜನ ಕೈಬಿಡುವ ಜಾಗ ಟೈಪಿಂಗ್. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಹೊಡೆದಿಟ್ಟ ವರ್ಡ್ ಫೈಲಿನಿಂದ ನಕಲಿಸಿದರೆ ಇಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬೀಳುತ್ತದೆ. ಆ ಫಾಂಟುಗಳಲ್ಲಿ ಕನ್ನಡವಾಗಿ ಕಾಣುವುದು ಒಳಗೆ ಇಂಗ್ಲಿಷ್ ಸಂಕೇತವೇ. ಫಾಂಟ್ ಹೋದರೆ ಕನ್ನಡವೂ ಹೋಯಿತು. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿನಲ್ಲಿ ಟೈಪಿಸಬೇಕು, ಇಲ್ಲವೇ ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಪರಿವರ್ತಿಸಿದ ಮೇಲೆ ಅರ್ಕಾವೊತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ಜಾಸ್ತಿ ಎಡವಟ್ಟಾಗುವುದು ಅಲ್ಲೇ. ಫೋನಿನ ಜಿಬೋರ್ಡ್ ಕೀಲಿಮಣೆ ಯೂನಿಕೋಡೇ ಆದ್ದರಿಂದ ಎಂಟು ವಾಕ್ಯಕ್ಕೆ ಅದೇ ಸಾಕು. ಪಿಡಿಎಫ್‌ನಿಂದ ಕನ್ನಡ ನಕಲಿಸುವ ಗೋಜಿಗೂ ಹೋಗಬೇಡಿ, ಒತ್ತುಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ.

ಭಾಷೆಯ ಬಗ್ಗೆ ಒಂದು ಸಣ್ಣ ಆಗ್ರಹ. ‘ಕುಳಿತಿತ್ತು’ ಎಂದು ಪುಸ್ತಕದಲ್ಲಿದ್ದರೆ, ಧಾರವಾಡದ ಕಡೆಯ ಮಗು ‘ಕುಂತಿತ್ತು’ ಅನ್ನುತ್ತದೆ, ಮೈಸೂರಿನ ಕಡೆಯದು ‘ಕೂತಿತ್ತು’ ಅನ್ನುತ್ತದೆ. ಮಕ್ಕಳೇ ಕಟ್ಟಿದ ಕಥೆಯಲ್ಲಿ ಮಾತಿನ ಸಾಲು ಅವರ ಮಾತಿನಲ್ಲೇ ಇರಲಿ, ತಿದ್ದಬೇಡಿ.

ಪ್ರಕಟಿಸುವ ಗುಂಡಿ ಒತ್ತುವ ಮುನ್ನ ಮಾತ್ರ ನಿಲ್ಲಬೇಕು. ಪ್ರಕಟವಾದ ಕಥೆ, ಚಿತ್ರ ಎರಡೂ ಸಿಸಿ ಬೈ ಪರವಾನಗಿಗೆ ಸೇರುತ್ತವೆ. ನಾಳೆ ಯಾರೋ ಆ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿ ಮಾರಿದರೂ ಹೆಸರು ಹಾಕಿದ್ದರೆ ತಕರಾರು ಮಾಡುವಂತಿಲ್ಲ, ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯುವಂತೆಯೂ ಇಲ್ಲ. ಇದನ್ನು ಅಪ್ಪ-ಅಮ್ಮಂದಿರಿಗೆ ಪೋಷಕರ ಸಭೆಯಲ್ಲಿ ಕನ್ನಡದಲ್ಲಿ ಹೇಳಿ ಸಹಿ ಪಡೆಯಿರಿ. ಮಕ್ಕಳ ಮುಖದ ಫೋಟೊ ಬೇಡ, ಪೂರ್ತಿ ಹೆಸರಿನ ಜೊತೆ ಊರು-ಶಾಲೆ ಬೇಡ. ‘ಐದನೆಯ ತರಗತಿಯ ಮಕ್ಕಳು’ ಎಂದರೆ ಸಾಕು. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯುವ ಮಾತೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಪ್ರಕಟಿಸದೆ ಕರಡಾಗಿಯೇ ಇಟ್ಟು ತರಗತಿಯಲ್ಲಿ ತೋರಿಸಿದರೂ ಪಾಠಕ್ಕೆ ಕೊರತೆಯಿಲ್ಲ.

ಇನ್ನು ಮುದ್ರಣ. ಟಿವಿಯಿಲ್ಲದ ಶಾಲೆಗೆ ಇದೇ ಮುಖ್ಯ ದಾರಿ. ಬಹುಪಾಲು ಪುಸ್ತಕಗಳು ಅಡ್ಡ ಪುಟದವು, ಆದ್ದರಿಂದ ಎ4 ಹಾಳೆಗೆ ಮೇಲೊಂದು ಕೆಳಗೊಂದರಂತೆ ಎರಡು ಪುಟ ಹಾಕಿ, ನಡುವೆ ಕತ್ತರಿಸಿ, ಎಡಕ್ಕೆ ಎರಡು ಪಿನ್ ಹೊಡೆಸಿದರೆ ಕೈಗೆ ಹಿತವಾದ ಪುಸ್ತಕವಾಗುತ್ತದೆ. ಹೆಚ್ಚಿನ ರೆಸಲ್ಯೂಶನ್ನಿನ ಪಿಡಿಎಫ್ ಬೇಕಾಗುವುದು ಇಲ್ಲಿ. ಕಪ್ಪು-ಬಿಳುಪಿನಲ್ಲಿ ತೆಗೆಸುವುದಾದರೆ ರಾತ್ರಿಯ ದೃಶ್ಯ ಹೆಚ್ಚಿರುವ ಕಥೆ ಬಿಡಿ; ಗಾಢ ನೀಲಿಯ ಮೇಲಿನ ಬಿಳಿ ಅಕ್ಷರ ಮಸಿಯಲ್ಲಿ ಮುಳುಗಿಹೋಗುತ್ತದೆ. ಜೆರಾಕ್ಸ್ ಅಂಗಡಿಯವರು ಫೈಲ್ ನೋಡಿ, ‘ಹಿಂದಿನ ಎರಡು ಪುಟದಲ್ಲಿ ಬರೀ ಸಣ್ಣ ಅಕ್ಷರ ಇದೆ, ತೆಗೀಲಾ ಸರ್, ಹಾಳೆ ಉಳಿಯುತ್ತೆ’ ಎಂದು ಒಳ್ಳೆಯದಕ್ಕೇ ಕೇಳುತ್ತಾರೆ. ಬೇಡ ಅನ್ನಿ, ಆ ಎರಡು ಪುಟ ಸ್ವಲ್ಪ ದೊಡ್ಡದಾಗಿಯೇ ಬರಲಿ ಎಂದೂ ಹೇಳಿ.